ಟೈಮ್ಡ್ ಅಪ್ ಆಂಡ್ ಗೋ ಪರೀಕ್ಷೆ

ಟೈಮ್ಡ್ ಅಪ್ ಆಂಡ್ ಗೋ ಪರೀಕ್ಷೆಯು ವಯೋವೃದ್ಧರ ಚಲನಶಕ್ತಿ, ದೇಹದ ಸಮತೋಲನ ಹಾಗೂ ಬೀಳುವ ಅಪಾಯವನ್ನು ಅಂದಾಜಿಸುವ ಸರಳ ಪರೀಕ್ಷೆಯಾಗಿದೆ. 1986ರಲ್ಲಿ ಪ್ರಕಟವಾದ ಇದರ ಮೂಲರೂಪದಲ್ಲಿ ಪರೀಕ್ಷಕರು ನಡಿಗೆಯನ್ನು ನೋಡಿ 1ರಿಂದ 5ರವರೆಗೆ ಅಂಕ ನೀಡಬೇಕಿತ್ತು. 1991ರಲ್ಲಿ ಡಯಾನ್ ಪೊಡ್ಸಿಯಾಡ್ಲೊ ಮತ್ತು ಸಾಂಡ್ರಾ ರಿಚರ್ಡ್‌ಸನ್ ಅಂಕದ ಬದಲು ಸಮಯವನ್ನು ಅಳತೆಯಾಗಿಸಿದರು.

ವಿಧಾನ

ಬೇಕಾಗುವುದು ಕೈ ಆಸರೆಯಿರುವ ಕುರ್ಚಿ, 3 ಮೀಟರ್ ದೂರದಲ್ಲಿ ನೆಲದ ಮೇಲೊಂದು ಗೆರೆ ಮತ್ತು ಗಡಿಯಾರ. ವ್ಯಕ್ತಿಯು ದಿನನಿತ್ಯದ ಪಾದರಕ್ಷೆ ಧರಿಸಿ, ಊರುಗೋಲು ಬಳಸುವವರಾದರೆ ಅದನ್ನೂ ಹಿಡಿದು, ಕುರ್ಚಿಯಿಂದ ಎದ್ದು ಸಹಜ ವೇಗದಲ್ಲಿ ಗೆರೆಯವರೆಗೆ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ಅವಸರಪಡಿಸಬಾರದು. ಪರೀಕ್ಷಕರು ಜೋಲಿ ತಪ್ಪಿದರೆ ಹಿಡಿಯುವಷ್ಟು ಸಮೀಪದಲ್ಲಿರಬೇಕು.

ಫಲಿತಾಂಶ ಮತ್ತು ಮಿತಿ

ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರಗಳ ಮಾರ್ಗಸೂಚಿಯಂತೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುವವರಿಗೆ ಬೀಳುವ ಅಪಾಯವಿದೆ. ಆದರೆ ಈ ಸಂಖ್ಯೆಯೊಂದನ್ನೇ ನಂಬುವುದು ಸರಿಯಲ್ಲ. ಸ್ವತಂತ್ರವಾಗಿ ಬದುಕುತ್ತಿರುವ ವೃದ್ಧರಲ್ಲಿ ಯಾರು ಬೀಳಬಹುದೆಂದು ಮುಂಚಿತವಾಗಿ ಗುರುತಿಸುವ ಇದರ ಸಾಮರ್ಥ್ಯ ಸೀಮಿತವೆಂದು ನಂತರದ ವಿಮರ್ಶೆಗಳು ತೋರಿಸಿವೆ. 11 ಸೆಕೆಂಡಿನಲ್ಲಿ ಮುಗಿಸಿದವರೂ ತಿರುಗುವಾಗ ಗೋಡೆ ಹಿಡಿದಿದ್ದರೆ, ಕುರ್ಚಿಯ ಮೇಲೆ ಧೊಪ್ಪನೆ ಕುಸಿದಿದ್ದರೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಎದ್ದು ನಿಂತೊಡನೆ ಕುಸಿಯುವ ರಕ್ತದೊತ್ತಡ, ನಿದ್ರೆಯ ಮಾತ್ರೆ, ಕಣ್ಣಿನ ಪೊರೆ, ರಾತ್ರಿಯ ಒದ್ದೆ ಬಚ್ಚಲುಮನೆ ಇವಾವುವೂ ಗಡಿಯಾರಕ್ಕೆ ಕಾಣುವುದಿಲ್ಲ. ಆದ್ದರಿಂದ ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದರೇ ಎಂಬುದನ್ನು ತಪ್ಪದೆ ವಿಚಾರಿಸಬೇಕು. ಬಿದ್ದದ್ದನ್ನು ಮನೆಯವರಿಂದಲೂ ಮುಚ್ಚಿಡುವ ಹಿರಿಯರಿದ್ದಾರೆ.