ಬಟ್ಟೆಯ ಮರೆಯಿಂದ ಬಯಲಿಗೆ ಬಂದ ಧಾರಣೆ

ವ್ಯಾಪಾರದಲ್ಲಿ ಮಾಲಿಗೆ ಬೆಲೆಯುಂಟು. ಮಾಲಿನ ಕುರಿತ ಸುದ್ದಿಗೂ ಬೆಲೆಯುಂಟು. ಪಕ್ಕದ ಪೇಟೆಯಲ್ಲಿ ಭತ್ತ ಎಷ್ಟಕ್ಕೆ ಹೋಯಿತು, ಹತ್ತಿಗೆ ಎಷ್ಟು ಬೇಡಿಕೆ ಇದೆ ಎಂಬುದನ್ನು ಮೊದಲು ತಿಳಿದವನಿಗೆ ಲಾಭ, ತಿಳಿಯದವನಿಗೆ ನಷ್ಟ. ಈ ಸುದ್ದಿಯನ್ನು ವರ್ತಕರ ಕಿಸೆಯಿಂದ ಹೊರತೆಗೆದು ಎಲ್ಲರಿಗೂ ಹಂಚಲು ಸರ್ಕಾರಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಹೆಣಗಿವೆ. ಇಂದು 'ದತ್ತಾಂಶ ಹಂಚಿಕೆ' ಎಂದು ಕರೆಯುವ ಸಂಗತಿಯ ಹಳೆಯ ರೂಪ ಇದೇ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಒಂದು ಶಿಲಾಶಾಸನವನ್ನು ಗುರುತಿಸಿದರು. ಹಿರಿಯ ಕಿರಿಯರೆಲ್ಲರಿಗೂ ತಿಳಿಯಲೆಂದು ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಕೊರೆಸಿದ ಮಾತು ಅದು. ಧರ್ಮದ ಮಾತು ಹೀಗೆ ಬಯಲಿನಲ್ಲಿತ್ತು. ಆದರೆ ದೇಶದ ಅನೇಕ ಪೇಟೆಗಳಲ್ಲಿ ಧಾನ್ಯದ ಬೆಲೆ ಮಾತ್ರ ಬಟ್ಟೆಯ ಕೆಳಗಿತ್ತು. ಖರೀದಿದಾರನೂ ದಲಾಲನೂ ಟವೆಲಿನ ಮರೆಯಲ್ಲಿ ಬೆರಳು ಒತ್ತಿ ಧಾರಣೆ ಕುದುರಿಸುತ್ತಿದ್ದರು. ಪಕ್ಕದಲ್ಲೇ ನಿಂತ ರೈತನಿಗೆ ಏನು ನಡೆಯಿತೆಂದು ತಿಳಿಯುತ್ತಿರಲಿಲ್ಲ.

ಕಾನೂನಿನ ಪ್ರವೇಶ

ಇದಕ್ಕೆ ತಡೆ ಹಾಕುವ ಮೊದಲ ಯತ್ನಗಳು ನಡೆದದ್ದು ಹತ್ತಿಯ ನಾಡಾದ ಬಿರಾರಿನಲ್ಲಿ. ಅಲ್ಲಿ 1897ರಲ್ಲಿ ಹತ್ತಿ ಮತ್ತು ಧಾನ್ಯದ ಪೇಟೆಗಳಿಗೆ ಕಾನೂನು ಬಂದಿತು. 1928ರಲ್ಲಿ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸುವಂತೆ ಶಿಫಾರಸು ಮಾಡಿತು. ಎರಡೇ ವರ್ಷಗಳಲ್ಲಿ, 1930ರಲ್ಲಿ, ನಿಜಾಮರ ಹೈದರಾಬಾದ್ ಸಂಸ್ಥಾನ ತನ್ನದೇ ಕೃಷಿ ಮಾರುಕಟ್ಟೆ ಕಾಯ್ದೆಯನ್ನು ಜಾರಿಗೆ ತಂದಿತು. ಆಗ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ ಆ ಸಂಸ್ಥಾನದ ಭಾಗವಾಗಿತ್ತು.

1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1966ರ ಕೃಷಿ ಉತ್ಪನ್ನ ಮಾರಾಟ ಕಾಯ್ದೆಯಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆಯಾಯಿತು. ಮಾರಾಟ ಬಹಿರಂಗ ಹರಾಜು ಅಥವಾ ಟೆಂಡರಿನ ಮೂಲಕ ನಡೆಯಬೇಕು, ಸಮಿತಿ ಧಾರಣೆಯನ್ನು ದಾಖಲಿಸಿ ಪ್ರಕಟಿಸಬೇಕು ಎಂಬುದು ಇಂಥ ಕಾಯ್ದೆಗಳ ತಿರುಳು. ಗಂಜಿನ ಕರಿಹಲಗೆ, ಆಕಾಶವಾಣಿಯ ಪೇಟೆ ಧಾರಣೆ, ಪತ್ರಿಕೆಯ ಒಳಪುಟ ಇವೆಲ್ಲ ಈ ದಾಖಲೆಯನ್ನು ಊರೂರಿಗೆ ಮುಟ್ಟಿಸಿದವು.

ವರ್ತಕರು ತಾವಾಗಿಯೇ ಈ ಸುದ್ದಿಯನ್ನು ಏಕೆ ಹಂಚಿಕೊಳ್ಳಲಿಲ್ಲ? ಕಾರಣ ಸರಳ. ಒಬ್ಬನೇ ತನ್ನ ಲೆಕ್ಕ ಬಿಚ್ಚಿಟ್ಟರೆ ಎದುರಾಳಿಗೆ ಅನುಕೂಲ. ಎಲ್ಲರೂ ಬಿಚ್ಚಿಟ್ಟರೆ ಪೇಟೆಯ ಮೇಲೆ ನಂಬಿಕೆ ಬೆಳೆದು ವಹಿವಾಟು ಹೆಚ್ಚುತ್ತದೆ. ಆದರೆ ಮೊದಲು ಬಿಚ್ಚಿಡಲು ಯಾರೂ ಮುಂದಾಗುವುದಿಲ್ಲ. ಆದ್ದರಿಂದಲೇ ಮೂರನೆಯವನಾಗಿ ಸರ್ಕಾರ ನಿಲ್ಲಬೇಕಾಯಿತು.

ಕಂಪ್ಯೂಟರಿನ ಕಾಲ

2000ದಲ್ಲಿ ಕೇಂದ್ರ ಸರ್ಕಾರದ 'ಅಗ್‌ಮಾರ್ಕ್‌ನೆಟ್' ದೇಶದ ಮಾರುಕಟ್ಟೆಗಳ ಆವಕ ಮತ್ತು ಧಾರಣೆಯನ್ನು ಒಂದೆಡೆ ತರತೊಡಗಿತು. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯ ತರುವಾಯ ಇಂಥ ಅಂಕಿಅಂಶಗಳನ್ನು ಯಾರು ಬೇಕಾದರೂ ಪಡೆದು ಮರುಬಳಕೆ ಮಾಡುವ ದಾರಿ ತೆರೆಯಿತು. 2014ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಪಾಲುದಾರಿಕೆಯೊಂದಿಗೆ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಸ್ಥಾಪಿಸಿ, ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಜೋಡಿಸಲು ಹೊರಟಿತು. ಒಂದು ಪೇಟೆಯ ರಾಶಿಗೆ ಇನ್ನೊಂದು ಪೇಟೆಯ ವರ್ತಕನೂ ಬೆಲೆ ಕಟ್ಟಬಹುದೆಂಬುದು ಇದರ ವಿಶೇಷ. ಇದಾದ ಮೇಲೆ, 2016ರಲ್ಲಿ, ಕೇಂದ್ರದ 'ಇ-ನಾಮ್' ಬಂದಿತು.

ಇದರಿಂದ ಪ್ರಯೋಜನವಾಯಿತೇ? 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಕರ್ನಾಟಕದ ಈ ಜಾಲದಿಂದ ಭತ್ತದ ಧಾರಣೆ ಶೇ 5.1ರಷ್ಟು, ಶೇಂಗಾ ಧಾರಣೆ ಶೇ 3.6ರಷ್ಟು, ಮೆಕ್ಕೆಜೋಳದ ಧಾರಣೆ ಶೇ 3.5ರಷ್ಟು ಹೆಚ್ಚಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಭಾಗಕ್ಕೆ ಇದು ಸಣ್ಣ ಮಾತಲ್ಲ.

ಆದರೂ ತೊಡಕುಗಳು ಉಳಿದಿವೆ. ಗಂಜಿನ ಹೊರಗೆ, ಹೊಲದ ಬದುವಿನಲ್ಲೇ ನಡೆಯುವ ಖರೀದಿಯ ಬೆಲೆ ಯಾವ ದಾಖಲೆಗೂ ಸೇರುವುದಿಲ್ಲ. ವಳಕಮದಿನ್ನಿಯಂಥ ಹಳ್ಳಿಯ ರೈತನಿಗೆ ಮೊಬೈಲಿನಲ್ಲಿ ಹತ್ತು ಪೇಟೆಗಳ ಧಾರಣೆ ಕಾಣಬಹುದು. ಆದರೆ ಬೀಜ, ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ಸಾಲ ಮಾಡಿದ್ದರೆ ಮಾಲು ಅದೇ ಅಂಗಡಿಗೇ ಹೋಗಬೇಕಾಗುತ್ತದೆ. ಸುದ್ದಿ ಕೈಗೆ ಬಂದರೂ ಸ್ವಾತಂತ್ರ್ಯ ಬರುವುದಿಲ್ಲ.

ಧಾನ್ಯದ ಪೇಟೆಯ ಈ ಪ್ರಶ್ನೆ ಈಗ ದೊಡ್ಡ ಕಂಪನಿಗಳ ಮುಂದೆಯೂ ಬಂದಿದೆ. ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ನೇತೃತ್ವದಲ್ಲಿ ಕೇಂದ್ರ ಸರ್ಕಾರ 2019ರಲ್ಲಿ ರಚಿಸಿದ ಸಮಿತಿ, ಕಂಪನಿಗಳ ಬಳಿಯಿರುವ ವೈಯಕ್ತಿಕವಲ್ಲದ ದತ್ತಾಂಶವನ್ನು ಇತರ ಉದ್ದಿಮೆಗಳೂ ಬಳಸುವಂತಾಗಬೇಕೆಂದು 2020ರಲ್ಲಿ ಸೂಚಿಸಿತು. ಸಂಗ್ರಹಿಸಲು ಹಣ ಹಾಕಿದವರು ನಾವು, ಅದನ್ನು ಎದುರಾಳಿಗೆ ಏಕೆ ಕೊಡಬೇಕು ಎಂಬ ಆಕ್ಷೇಪ ಉದ್ಯಮ ವಲಯದಿಂದ ಕೇಳಿಬಂದಿತು. ಟವೆಲಿನ ಕೆಳಗೆ ಬೆರಳು ಒತ್ತುತ್ತಿದ್ದ ವರ್ತಕನ ತರ್ಕವೂ ಇದಕ್ಕಿಂತ ಬಹಳ ದೂರದ್ದಲ್ಲ. ಅವನ ಕೈ ಹೊರಬರಲು ಕಾನೂನೊಂದೇ ಸಾಲಲಿಲ್ಲ. ಹಲಗೆಯ ಮೇಲೆ ಬರೆದ ಬೆಲೆ ನಿಜವೆಂದು ರೈತನೂ ವರ್ತಕನೂ ನಂಬಬೇಕಾಯಿತು. ಹೊಸ ನೀತಿಗಳು ಗೆಲ್ಲಬೇಕಾದದ್ದೂ ಆ ನಂಬಿಕೆಯನ್ನೇ.