ಸರಕು ವಾಹನದ ಖಾಸಗಿ ಬಳಕೆ

ಸರಕು ವಾಹನದ ಖಾಸಗಿ ಬಳಕೆ ಎಂದರೆ ಲಾರಿ ಚಾಲಕನು ಕೆಲಸವಿಲ್ಲದ ಹೊತ್ತಿನಲ್ಲಿ ಅದೇ ವಾಹನವನ್ನು ಊಟ, ವಸತಿ ಅಥವಾ ಮನೆಗೆ ತೆರಳಲು ಬಳಸುವುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ಓಡಾಟವನ್ನು ವಿರಾಮವೆಂದೇ ದಾಖಲಿಸಲು ಅವಕಾಶವಿದೆ. 2018ರ ಮಾರ್ಗಸೂಚಿಯ ಪ್ರಕಾರ ಲಾರಿಯಲ್ಲಿ ಸರಕಿದ್ದರೂ ಅದು ತಪ್ಪುವುದಿಲ್ಲ.

ಭಾರತದ ಕಾನೂನಿನಲ್ಲಿ ಇಂತಹ ಪ್ರತ್ಯೇಕ ವರ್ಗವಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ದೂರದ ಮಾರ್ಗಗಳಲ್ಲಿ ಪ್ರಾಧಿಕಾರದ ಅನುಮೋದನೆಯೊಡನೆ ಇದನ್ನು 10 ಮತ್ತು 54 ಗಂಟೆಗಳವರೆಗೆ ಹೆಚ್ಚಿಸಬಹುದಿತ್ತು. 1988ರ ಮೋಟಾರು ವಾಹನಗಳ ಕಾಯಿದೆಯ 91ನೇ ಕಲಮು ಇದೇ ಮಿತಿಯನ್ನು ಸಾರಿಗೆ ವಾಹನ ನಡೆಸುವವರಿಗೆ ಅನ್ವಯಿಸಿತು. 1961ರ ಕಾಯಿದೆಯನ್ನು ಬಳಿಕ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ವಿಲೀನಗೊಳಿಸಲಾಯಿತು.

1961ರ ಕಾಯಿದೆಯ ವ್ಯಾಖ್ಯೆಯಂತೆ, ಚಾಲಕನು ಮಾಲೀಕನ ಅಧೀನದಲ್ಲಿರುವ ಸಮಯವೇ ಕೆಲಸದ ಅವಧಿ. ವಾಹನ ಓಡುವಾಗ ಮಾಡುವ ಕೆಲಸವೂ ಪೂರಕ ಕೆಲಸಗಳೂ ಅದರಲ್ಲಿ ಸೇರುತ್ತವೆ. ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು ಮಾತ್ರ 15 ನಿಮಿಷಕ್ಕಿಂತ ಕಡಿಮೆಯಿದ್ದರಷ್ಟೇ ಎಣಿಕೆಗೆ ಬರುತ್ತದೆ. ಸರಕು ಇಳಿಸಲು ಸರದಿಯಲ್ಲಿ ರಾತ್ರಿಯಿಡೀ ಕ್ಯಾಬಿನ್ನಿನಲ್ಲೇ ಮಲಗುವ ಚಾಲಕನಿಗೆ ಇದು ಸಣ್ಣ ವಿಷಯವಲ್ಲ; ಆ ರಾತ್ರಿ ವಿರಾಮವೋ ಕೆಲಸವೋ ಎಂಬುದರ ಮೇಲೆ ಮರುದಿನದ ಚಾಲನಾ ಅವಧಿ ನಿಂತಿರುತ್ತದೆ.

ವಾಹನದ ಮಟ್ಟಿಗೆ ಸ್ಥಿತಿ ಹೆಚ್ಚು ಸ್ಪಷ್ಟ. 1988ರ ಕಾಯಿದೆಯ 66ನೇ ಕಲಮಿನಂತೆ ಸಾರಿಗೆ ವಾಹನವನ್ನು, ಅದರಲ್ಲಿ ಸರಕಿರಲಿ ಇಲ್ಲದಿರಲಿ, ರಹದಾರಿಗೆ ಅನುಗುಣವಾಗಿಯೇ ಬಳಸಬೇಕು. ಚನ್ನಗಿರಿ ತಾಲೂಕಿನ ಸೂಳೆಕೆರೆ ಬದಿಯ ಚಾಲಕನೊಬ್ಬ ಅಡಿಕೆ ಇಳಿಸಿ ಖಾಲಿ ಲಾರಿಯಲ್ಲಿ ಮನೆಗೆ ಮರಳಿದರೂ, ಲಾರಿ ಖಾಲಿಯಿದೆ ಎಂಬ ಕಾರಣಕ್ಕೆ ರಹದಾರಿಯ ಷರತ್ತು ಸಡಿಲವಾಗದು.