ಹಳೆಯ ಕಾರಿನ ಬಿಸಿಗಾಳಿಯ ಮೋಟಾರು: ಅದರ ಪೂರ್ವೋತ್ತರ

ಕಳೆದ ವರ್ಷದ ಮಾರ್ಗಶಿರ ಮಾಸದಲ್ಲಿ ಪರಿಚಿತರೊಬ್ಬರ ಹಳೆಯ ಕಾರಿನಲ್ಲಿ ಸಾಸ್ತೂರದಿಂದ ಸೊಲ್ಲಾಪುರಕ್ಕೆ ಹೊರಟಿದ್ದೆವು. ಇನ್ನೂ ನಸುಕು ಹರಿದಿರಲಿಲ್ಲ. ಹೈದರಾಬಾದಿನಿಂದ ಬರುವ ಹೆದ್ದಾರಿಯನ್ನು ಸೇರಿದೊಡನೆ ದಟ್ಟವಾದ ಮಂಜು ಎದುರಾಯಿತು. ಹೊರಗಿನ ಮಂಜಿಗಿಂತ ಹೆಚ್ಚಿನ ತೊಂದರೆ ಒಳಗಿನದು. ಐದು ಜನರ ಉಸಿರಿನ ಆವಿ ಮುಂದಿನ ಗಾಜಿಗೆ ತಗುಲಿ ಹಾಲು ಬಳಿದಂತಾಯಿತು. ಸಾರಥ್ಯ ವಹಿಸಿದ್ದ ಮಿತ್ರರು ಬಿಸಿಗಾಳಿಯ ಗುಂಡಿಯನ್ನು ಎಳೆದರು. ಕೀಲೆಣ್ಣೆ ಕಾಣದ ಬಂಡಿಯ ಅಚ್ಚಿನಂತೆ ಒಳಗೇನೋ ಕಿರ್ರೆಂದು, ಸ್ತಬ್ಧವಾಯಿತು. ಅವರು ಮುಷ್ಟಿಯಿಂದ ಗುದ್ದಿದಾಗ ಪಂಖೆ ಎರಡು ಸುತ್ತು ತಿರುಗಿ ಮತ್ತೆ ನಿಂತಿತು. ನಾನು ಟವೆಲಿನಿಂದ ಗಾಜನ್ನು ಒರೆಸುತ್ತ, ಅವರು ಎದುರಿನ ಲಾರಿಗಳ ದೀಪವನ್ನು ನೋಡಿ ಊಹಿಸುತ್ತ, ಕಾಲ್ನಡಿಗೆಯ ವೇಗದಲ್ಲಿ ಸಾಗಿದೆವು. ಬಿಸಿಲನಾಡಿನವರಿಗೆ ಕಾರಿನಲ್ಲಿ ಬಿಸಿಗಾಳಿ ಏತಕ್ಕೆ ಎಂದು ಹಿಂದೆ ಹಾಸ್ಯ ಮಾಡಿದ್ದ ನಾನು ಅಂದು ಬಾಯಿ ತೆರೆಯಲಿಲ್ಲ.

ಈ ಏರ್ಪಾಡು ಹುಟ್ಟಿದ್ದು ಶೀತದೇಶಗಳಲ್ಲಿ. ಆದಿಕಾಲದ ಮೋಟಾರುಗಾಡಿಗಳಿಗೆ ಗೋಡೆಯೂ ಇರಲಿಲ್ಲ, ಗಾಜೂ ಇರಲಿಲ್ಲ. ಕಂಬಳಿ ಹೊದ್ದು ಕುಳಿತುಕೊಳ್ಳುವುದೊಂದೇ ಉಪಾಯವಾಗಿತ್ತು. ಗಾಡಿಗಳು ಮುಚ್ಚಿದವಾದ ಮೇಲೆ ಇಂಜಿನಿನ ಹೊಗೆಕೊಳವೆಯ ಕಾವನ್ನೇ ಒಳಕ್ಕೆ ತಿರುಗಿಸುವ ಯತ್ನಗಳು ನಡೆದುವು. ಆದರೆ ಕೊಳವೆಯಲ್ಲಿ ಒಂದು ಬಿರುಕು ಬಿಟ್ಟರೂ ಕಾವಿನೊಡನೆ ವಿಷಾನಿಲವೂ ಒಳಹೊಗುವ ಭಯವಿತ್ತು. ಅದಕ್ಕಿಂತ ಕ್ಷೇಮಕರವಾದ ದಾರಿಯೆಂದರೆ, ಇಂಜಿನನ್ನು ತಣಿಸಿ ತಾನು ಕಾದ ನೀರನ್ನು ಪುಟ್ಟ ರೇಡಿಯೇಟರಿನ ಮೂಲಕ ಹಾಯಿಸಿ, ಅದರ ಮೇಲೆ ವಿದ್ಯುತ್ ಪಂಖೆಯಿಂದ ಗಾಳಿಯನ್ನು ಬೀಸುವುದು. 1938ರಲ್ಲಿ ಅಮೇರಿಕದ ನ್ಯಾಶ್ ಕಂಪನಿಯು ಹೊರಗಿನ ಗಾಳಿಯನ್ನು ಶೋಧಿಸಿ, ಕಾಯಿಸಿ ಒಳಕ್ಕೆ ಬಿಡುವ ಏರ್ಪಾಡನ್ನು ತನ್ನ ಕಾರುಗಳಲ್ಲಿ ತಂದಿತು. ಚಳಿಯನ್ನು ಕಳೆಯುವುದಷ್ಟೇ ಈ ಗಾಳಿಯ ಕೆಲಸವಲ್ಲ. ಗಾಜನ್ನು ಬೆಚ್ಚಗಾಗಿಸಿ ಅದರ ಮೇಲಿನ ಆವಿಯನ್ನು ಆರಿಸುವುದೂ ಅದರದೇ ಹೊಣೆ. ನಮ್ಮ ಸೀಮೆಯಲ್ಲಿ ವರ್ಷದ ಬಹುಭಾಗ ಅದಕ್ಕೆ ಉದ್ಯೋಗವೇ ಇಲ್ಲ. ದುಡಿದು ಸವೆಯುವ ಯಂತ್ರ ಒಂದು ಬಗೆಯದಾದರೆ, ಕುಳಿತು ಕೆಡುವ ಯಂತ್ರ ಇನ್ನೊಂದು ಬಗೆಯದು. ಈ ಮೋಟಾರಿಗೆ ಎರಡು ಕಷ್ಟಗಳೂ ಉಂಟು. ಕೂತಾಗ ಧೂಳು ತುಂಬುತ್ತದೆ, ಎಣ್ಣೆ ಒಣಗುತ್ತದೆ; ತಿರುಗಿದಾಗ ಒಣಗಿದ ಜಾಗವೇ ಸವೆಯುತ್ತದೆ.

ಮರಳಿ ಬಂದ ಮೇಲೆ ಮಿತ್ರರೊಡನೆ ನಾನೂ ಮಿಸ್ತ್ರಿಯ ಬಳಿಗೆ ಹೋದೆ. ವಯೋವೃದ್ಧರಾದ ಆ ಮಿಸ್ತ್ರಿ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿದರು. ಫ್ಯೂಸನ್ನು ನೋಡಿದರು. ಬಳಿಕ ಮೋಟಾರನ್ನು ಹೊರತೆಗೆದು, ಬ್ಯಾಟರಿಯ 12 ವೋಲ್ಟನ್ನು ಅದಕ್ಕೇ ನೇರವಾಗಿ ಕೊಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದರು. ತಟ್ಟಿದಾಗ ತಿರುಗಿತು, ಬಿಟ್ಟಾಗ ನಿಂತಿತು. “ಮೋಟಾರು ಸತ್ತಿಲ್ರಿ ಗುರುಗಳೇ, ಬ್ರಶ್ ಸವದಾವ” ಎಂದರು. ವೇಗದ ಮೆಟ್ಟಿಲುಗಳಲ್ಲಿ ಕೆಳಗಿನವು ಮಾತ್ರ ಕೆಟ್ಟು ಮೇಲಿನದು ಸರಿಯಾಗಿದ್ದರೆ ದೋಷ ಮೋಟಾರಿನದಲ್ಲ, ಗಾಳಿಯ ಹಾದಿಯಲ್ಲಿಟ್ಟಿರುವ ರೋಧಕ ಸುರುಳಿಯದೆಂದೂ, ಅದನ್ನರಿಯದೆ ಒಳ್ಳೆಯ ಮೋಟಾರನ್ನೇ ಬಿಸಾಡಿದವರುಂಟೆಂದೂ ಹೇಳಿದರು.

ಎರಡು ಉದ್ದ ತಿರುಪುಗಳನ್ನು ಬಿಚ್ಚಿದಾಗ ಒಳಭಾಗವೆಲ್ಲ ಕಾಣಿಸಿತು. ನಡುವೆ ತಾಮ್ರದ ತಂತಿ ಸುತ್ತಿದ ಆರ್ಮೇಚರ್. ಅದರ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ವರ್ತುಲವಾಗಿ ಜೋಡಿಸಿ, ಪಟ್ಟಿ ಪಟ್ಟಿಗೂ ನಡುವೆ ಅಭ್ರಕವನ್ನಿಟ್ಟ ಕಮ್ಯುಟೇಟರ್; ನಮ್ಮ ವಿಜ್ಞಾನದ ಪುಸ್ತಕಗಳು ಇದನ್ನೇ ದಿಕ್ಪರಿವರ್ತಕವೆನ್ನುವುವು. ಇದರ ಮೇಲೆ ಇಬ್ಬದಿಯಿಂದ ಸ್ಪ್ರಿಂಗು ಒತ್ತಿ ಹಿಡಿದ ಎರಡು ಇಂಗಾಲದ ತುಣುಕುಗಳೇ ಬ್ರಶ್ಶುಗಳು. ವಿದ್ಯುತ್ತು ನಿಂತ ತಂತಿಯಿಂದ ತಿರುಗುವ ತಂತಿಗೆ ದಾಟುವುದು ಇವುಗಳ ಮೂಲಕ. ಇವು ಸವೆದು ಗಿಡ್ಡವಾದಾಗ ಸ್ಪ್ರಿಂಗಿನ ಒತ್ತಡ ಸಾಲದೆ ಕಿಡಿ ಹಾರುತ್ತದೆ, ಇಂಗಾಲದ ಪುಡಿ ಪಟ್ಟಿಗಳ ಸಂದಿಯನ್ನು ತುಂಬುತ್ತದೆ, ಕಡೆಗೆ ಸಂಪರ್ಕವೇ ತಪ್ಪುತ್ತದೆ.

ಇಂಗಾಲದ ತುಂಡಿಗೆ ಕುಂಚವೆಂಬ ಹೆಸರು ಹೇಗೆ ಬಂದಿತೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. 1821ರಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ತು ಹರಿಯುವ ತಂತಿಯೊಂದು ಅಯಸ್ಕಾಂತದ ಸುತ್ತ ತಿರುಗುವುದನ್ನು ತೋರಿಸಿದನು. ಕಮ್ಮಾರನ ಮಗನಾದ ಆತನಿಗೆ ಶಾಲೆಯ ಶಿಕ್ಷಣ ದೊರೆತದ್ದು ಅತ್ಯಲ್ಪ. ಪುಸ್ತಕ ಕಟ್ಟುವ ಅಂಗಡಿಯಲ್ಲಿ ದುಡಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಕಲಿತವನು. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಗ್ರಾಮ್ ಎಂಬಾತನ ವಿದ್ಯುಜ್ಜನಕ ಯಂತ್ರಕ್ಕೆ ಇನ್ನೊಂದು ಯಂತ್ರದ ವಿದ್ಯುತ್ತನ್ನು ಕೊಟ್ಟಾಗ ಅದು ಮೋಟಾರಾಗಿ ತಿರುಗಿ, ಉದ್ಯಮಿಗಳ ಕಣ್ಣು ತೆರೆಯಿತು. ಆ ಕಾಲದ ಯಂತ್ರಗಳಲ್ಲಿ ತಾಮ್ರದ ಎಳೆಗಳನ್ನು ಕಟ್ಟಿದ ನಿಜವಾದ ಕುಂಚಗಳೇ ಇದ್ದುವು. ಅವು ಕಿಡಿ ಹಾರಿಸುತ್ತ ಕಮ್ಯುಟೇಟರನ್ನು ಕೆರೆದು ಹಾಕುತ್ತಿದ್ದುವು. 1880ರ ದಶಕದಲ್ಲಿ ಇಂಗಾಲವು ಅವುಗಳ ಸ್ಥಾನಕ್ಕೆ ಬಂದಿತು. ಕುಂಚ ಹೋಯಿತು, ಹೆಸರು ಉಳಿಯಿತು. ಬೆಲೆಯುಳ್ಳ ತಾಮ್ರವನ್ನು ಉಳಿಸಲು ಅಗ್ಗದ ಇಂಗಾಲ ಸವೆಯಲಿ ಎಂಬುದೇ ಇಲ್ಲಿಯ ಯುಕ್ತಿ. ಅಂದರೆ ಬ್ರಶ್ ಸವೆಯುವುದು ದೋಷವಲ್ಲ, ಅದರ ಧರ್ಮ. ಬದಲಿಸಬೇಕೆಂದೇ ಅದನ್ನು ಮಾಡಿರುವುದು.

ಆ ಅಳತೆಯ ಬ್ರಶ್ ಪೇಟೆಯಲ್ಲಿ ದೊರೆಯಲಿಲ್ಲ. ಮಿಸ್ತ್ರಿ ಬೇರೊಂದು ಮೋಟಾರಿನ ದೊಡ್ಡ ಬ್ರಶ್ಶನ್ನು ತೆಗೆದುಕೊಂಡು ಉಜ್ಜಿ ಉಜ್ಜಿ ಅಳತೆಗೆ ತಂದರು. ಕಮ್ಯುಟೇಟರಿನ ಸುತ್ತ ನಯವಾದ ಮರಳುಕಾಗದವನ್ನು ಸುತ್ತಿ, ಅದರ ಮೇಲೆ ಬ್ರಶ್ಶಿನ ತುದಿಯನ್ನು ತೀಡಿ, ಅದೇ ಬಾಗನ್ನು ಪಡೆದರು. ಎಮೆರಿ ಕಾಗದವನ್ನು ಮುಟ್ಟಗೊಡಲಿಲ್ಲ. ಅದರ ಹರಳಿನ ಪುಡಿ ತಾಮ್ರದಲ್ಲಿ ನಾಟಿ ಬ್ರಶ್ಶನ್ನು ತಿನ್ನುವುದಂತೆ. ಪಟ್ಟಿಗಳ ಸಂದಿಯನ್ನು ಮುರಿದ ಗರಗಸದ ಅಲಗಿನಿಂದ ಕೆರೆದು ಶುದ್ಧಮಾಡಿದರು. ಕಂಚಿನ ಬುಶ್ಶುಗಳಿಗೆ ಎರಡು ತೊಟ್ಟು ತೆಳುವಾದ ಎಣ್ಣೆ ಬಿಟ್ಟರು. ನಾವು ಕೇಳಿದ್ದ ಕಿರುಚಾಟ ಆ ಬುಶ್ಶುಗಳದು.

ಇಷ್ಟು ಕೌಶಲ ನಮ್ಮ ಸಣ್ಣ ಪೇಟೆಗಳಲ್ಲಿ ಹೇಗೆ ಬೆಳೆಯಿತೆಂಬುದು ವಿಚಾರಾರ್ಹ. ನಮ್ಮ ಭಾಗವು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1932ರಲ್ಲಿ, ಅವರ ರೈಲ್ವೆ ಇಲಾಖೆ 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. ಆಗ ಮೋಟಾರುಗಾಡಿಯೆಂದರೆ ಪರದೇಶದ ವಸ್ತು. 1928ರಿಂದ ಮುಂಬಯಿಯಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ಇದ್ದಿತಾದರೂ ಅಲ್ಲಿ ನಡೆಯುತ್ತಿದ್ದುದು ಹಡಗಿನಲ್ಲಿ ಬಂದ ಭಾಗಗಳ ಜೋಡಣೆ ಮಾತ್ರ. ಇಲ್ಲಿಯೇ ಕಾರನ್ನು ನಿರ್ಮಿಸಬೇಕೆಂದು ಪಣತೊಟ್ಟವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಎಪ್ಪತ್ತರ ಗಡಿಯನ್ನು ದಾಟಿದ್ದ ಅವರು 1935ರಲ್ಲಿ ಯೂರೋಪು, ಅಮೇರಿಕಗಳ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ನಮ್ಮ ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ವಾಲ್‌ಚಂದ್ ಹೀರಾಚಂದರು. ಮೈಸೂರಿನ ದಿವಾನರಾದ ಮಿರ್ಜಾ ಇಸ್ಮಾಯಿಲರು ಬೆಂಗಳೂರಿನಲ್ಲಿ ಕಾರ್ಖಾನೆಗೆ ನೆರವು ನೀಡಲು ಮುಂದೆ ಬಂದರು. 1940ರ ಡಿಸೆಂಬರಿನಲ್ಲಿ ಅದೇ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಸ್ಥಾಪಿತವಾಯಿತು. ಯುದ್ಧಕ್ಕೆ ಅದು ಬೇಕಾಗಿತ್ತು. ಕಾರಿನ ಕಾರ್ಖಾನೆಗೆ ಮಾತ್ರ ಬ್ರಿಟಿಷ್ ಸರಕಾರ ಉತ್ತೇಜನ ಕೊಡಲಿಲ್ಲ. ಬೆಂಗಳೂರಿಗೆ ಬರಬೇಕಾಗಿದ್ದ ಉದ್ಯಮವು ಕಡೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಹುಟ್ಟಿತು. ಈ ವಿಳಂಬ ನನ್ನ ಮನಸ್ಸಿಗೆ ಇಂದಿಗೂ ನೋವುಂಟುಮಾಡುವ ಸಂಗತಿ.

ಸ್ವಾತಂತ್ರ್ಯಾನಂತರ, ದೇಶದಲ್ಲಿ ನಿರ್ಮಿಸುವ ಸಂಕಲ್ಪವುಳ್ಳವರಿಗೆ ಮಾತ್ರ ಅವಕಾಶವೆಂಬ ನೀತಿ 1953ರಲ್ಲಿ ಬಂದಿತು. ಮರುವರ್ಷ ಜನರಲ್ ಮೋಟರ್ಸ್ ತನ್ನ ಜೋಡಣೆಯನ್ನು ನಿಲ್ಲಿಸಿತು. ಆದರೆ ಅದು ಮಾರಿದ ಗಾಡಿಗಳು ಇಲ್ಲಿಯೇ ಉಳಿದುವಲ್ಲ! ಅವುಗಳ ಬಿಡಿಭಾಗಗಳು ದುರ್ಲಭವಾದುವು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, 1951ರಲ್ಲಿ ಅಲ್ಲಿಯೇ ಮೈಕೊ, 1961ರಲ್ಲಿ ಮದರಾಸಿನಲ್ಲಿ ಲೂಕಾಸ್ ಟಿ.ವಿ.ಎಸ್. ಹುಟ್ಟಿ ಮೋಟಾರು, ಸ್ಪಾರ್ಕ್ ಪ್ಲಗ್ಗು, ಸ್ಟಾರ್ಟರುಗಳು ದೇಶದಲ್ಲೇ ತಯಾರಾಗತೊಡಗಿದರೂ, ಪ್ರತಿಯೊಂದು ಪರದೇಶೀ ಗಾಡಿಯ ಪ್ರತಿಯೊಂದು ಸಣ್ಣ ಭಾಗ ಎಲ್ಲಿ ದೊರೆಯಬೇಕು? ಆ ಕೊರತೆಯೇ ಮಿಸ್ತ್ರಿಗಳ ಪಾಠಶಾಲೆಯಾಯಿತು. ಸುಟ್ಟ ಸುರುಳಿಯನ್ನು ಬಿಚ್ಚಿ ಸುತ್ತುಗಳನ್ನೆಣಿಸಿ ಹೊಸ ತಂತಿ ಸುತ್ತುವುದು, ಬುಶ್ಶನ್ನು ಲೇಥಿನಲ್ಲಿ ಕಡೆಯುವುದು, ಇವು ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬಂದ ವಿದ್ಯೆಗಳು.

ಈ ವಿದ್ಯೆಗೆ ಪೆಟ್ಟು ಕೊಟ್ಟದ್ದು ಒಂದು ಅಗ್ಗದ ವಸ್ತು. ಹಳೆಯ ಮೋಟಾರುಗಳಲ್ಲಿ ಹೊರಗವಚಕ್ಕೂ ತಂತಿ ಸುತ್ತಿ ವಿದ್ಯುದಯಸ್ಕಾಂತ ಮಾಡಿರುತ್ತಿದ್ದರು. 1950ರ ದಶಕದಿಂದ ಫೆರೈಟ್ ಎಂಬ ಅಗ್ಗದ ಶಾಶ್ವತ ಅಯಸ್ಕಾಂತ ಬಳಕೆಗೆ ಬಂದು, ಕ್ರಮೇಣ ಆ ಸುರುಳಿಗಳನ್ನು ಹೊರಹಾಕಿತು. ಮೋಟಾರು ಹಗುರವಾಯಿತು, ಬೆಲೆ ಇಳಿಯಿತು, ಇದು ಒಳಿತೇ. ಆದರೆ ಅದರೊಡನೆ ತಿರುಪುಗಳೂ ಮಾಯವಾದುವು. ತಗಡಿನ ಕವಚದ ಅಂಚನ್ನು ಮಡಿಚಿ ಒತ್ತಿ ಮುಚ್ಚುವ ಪದ್ಧತಿ ಬಂದಿತು. ಮಿಸ್ತ್ರಿ ಅಂಥದೊಂದನ್ನು ನನ್ನ ಕೈಗೆ ಕೊಟ್ಟು, “ಇದನ್ನ ತೆಗಿಯಾಕ ಬಾಗಿಲ ಎಲ್ಲೈತಿ ಹೇಳ್ರಿ?” ಎಂದರು. ಅದರೊಳಗೆ ಸವೆದಿರುವುದು ಅದೇ ಎರಡು ಇಂಗಾಲದ ತುಣುಕಾದರೂ ಇಡೀ ಮೋಟಾರನ್ನೇ ಬದಲಿಸಬೇಕು.

ಮೋಟಾರನ್ನು ಮರಳಿ ಕೂಡಿಸುವಾಗ ತಂತಿಗಳು ಅದಲುಬದಲಾದರೆ ಏನಾಗುವುದೆಂದು ಕೇಳಿದೆ. ಫೆರೈಟಿನದಾದರೆ ಹಿಮ್ಮುಖವಾಗಿ ತಿರುಗಿ ಗಾಳಿ ಬಹಳ ಕಡಿಮೆ ಬರುವುದೆಂದೂ, ಈ ಹಳೆಯದು ಹೇಗೆ ಕೊಟ್ಟರೂ ಒಂದೇ ದಿಕ್ಕಿಗೆ ತಿರುಗುವುದೆಂದೂ ಹೇಳಿ, ಮಾಡಿಯೂ ತೋರಿಸಿದರು. ಕಾರಣವನ್ನು ಅವರು ಹೇಳಲಿಲ್ಲ. ಮರುದಿನ ಸವೆದ ಬ್ರಶ್ಶುಗಳನ್ನು ಶಾಲೆಗೆ ಒಯ್ದು, ಮಕ್ಕಳಿಂದ ಅಳೆಯಿಸಿದೆ. ಒಂದು 4 ಮಿಲಿಮೀಟರು, ಇನ್ನೊಂದು ಅದಕ್ಕೂ ಕಡಿಮೆ. ತಿರುಗುವ ದಿಕ್ಕಿನ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮೂರನೆಯ ದಿನ ಒಬ್ಬ ಹುಡುಗಿ ಎದ್ದು ನಿಂತು, “ಒಳಗಿನ ಸುರುಳಿಯಲ್ಲೂ ಹೊರಗಿನ ಸುರುಳಿಯಲ್ಲೂ ವಿದ್ಯುತ್ತು ಒಟ್ಟಿಗೇ ತಿರುವುಮುರುವು ಆಗುತ್ತದೆ ಗುರುಗಳೇ, ಅದಕ್ಕೆ” ಎಂದಳು.